ಬೇರೆಯವರು ಕಟ್ಟಿದ ಡೇಟಾಬೇಸ್‌ಗೆ ಕೈ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹಳೆಯ ಡೇಟಾಬೇಸ್ ಈಗ ನಮ್ಮ ಕೈಗೆ ಬಂದಿದೆ. ದಯವಿಟ್ಟು ಮೂಲದಲ್ಲಿ ಯಾರೂ ಏನನ್ನೂ ಬದಲಿಸಬೇಡಿ. ಬ್ಯಾಕಪ್‌ನಿಂದ ಒಂದು ಕಾಪಿ ಮಾಡಿಕೊಂಡು ಅದರಲ್ಲೇ ನೋಡಿ.

ಟೇಬಲ್ ಹೆಸರು ನೋಡಿ ಸುಮ್ನೆ ಊಹೆ ಮಾಡಬೇಡಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶಗಳು ಎರಡರಲ್ಲೂ ಇನ್ಫರ್ಮೇಶನ್ ಸ್ಕೀಮಾ (ಡೇಟಾಬೇಸ್ ತನ್ನ ರಚನೆಯ ಬಗ್ಗೆ ತಾನೇ ಇಟ್ಟುಕೊಳ್ಳುವ ಮಾಹಿತಿ) ಇದೆ. ಟೇಬಲ್, ಕಾಲಂ, ಫಾರಿನ್ ಕೀಗಳ (ಒಂದು ಟೇಬಲ್ಲಿನ ಸಾಲನ್ನು ಇನ್ನೊಂದು ಟೇಬಲ್ಲಿನ ಸಾಲಿಗೆ ಜೋಡಿಸುವ ಕೊಂಡಿಗಳ) ಪಟ್ಟಿ ಅಲ್ಲಿಂದಲೇ ಸಿಗುತ್ತದೆ. ಫಾರಿನ್ ಕೀ ಇಲ್ಲ ಅಂದ ಮಾತ್ರಕ್ಕೆ ಸಂಬಂಧ ಇಲ್ಲ ಅಂತಲ್ಲ. ಎಷ್ಟೋ ಸಲ ಅದು ಪ್ರೋಗ್ರಾಂನ ಕೋಡ್‌ನಲ್ಲಿ ಮಾತ್ರ ಇರುತ್ತದೆ. ಲೆಫ್ಟ್ ಜಾಯಿನ್ (ಮೊದಲ ಟೇಬಲ್ಲಿನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡನೆಯದನ್ನು ಜೋಡಿಸುವ ಕ್ವೆರಿ) ಹಾಕಿ ನೋಡಿ, ಜೋಡಿ ಸಿಗದ ಸಾಲುಗಳು ಎದ್ದು ಕಾಣುತ್ತವೆ.

ಜಾಸ್ತಿ ಹುಷಾರಾಗಿ ನೋಡಬೇಕಾದ್ದು ದಾಖಲೆಯ ಸ್ಥಿತಿ ಹೇಳುವ ಸ್ಟೇಟಸ್ ಕಾಲಂ. ಹಿಂದೊಮ್ಮೆ ನನಗೆ ಸಿಕ್ಕಿದ್ದರಲ್ಲಿ 1, 2, 3, 9 ಇದ್ದವು, ವಿವರಣೆ ಎಲ್ಲೂ ಇರಲಿಲ್ಲ. ಗ್ರೂಪ್ ಬೈ ಹಾಕಿ ಯಾವ ಅಂಕಿಗೆ ಎಷ್ಟು ಸಾಲು ಅಂತ ಎಣಿಸಿದೆ. ಒಂದೊಂದು ಅಂಕಿಯದೂ ಐದಾರು ಸಾಲು ತೆಗೆದು ಓದಿದೆ. 9 ಇದ್ದ ಕಡೆಯೆಲ್ಲ ಡಿಲೀಟ್ ಮಾಡಿದ ದಿನಾಂಕ ತುಂಬಿತ್ತು. ಅಂದ್ರೆ ಅಳಿಸಿದ ದಾಖಲೆಗಳು ಅಲ್ಲೇ ಉಳಿದು ನಮ್ಮ ಮೊತ್ತಕ್ಕೆಲ್ಲ ಸೇರುತ್ತಿದ್ದವು!

ದಿನಾಂಕದ ಕಾಲಂನಲ್ಲಿ 9999-12-31 ಅಂತ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ‘ಮುಗಿಯುವ ದಿನ ಇಲ್ಲ’ ಎನ್ನುವ ಗುರುತು.

ಗೊತ್ತಾದದ್ದನ್ನು ಆಗಿಂದಾಗಲೇ ನಮ್ಮ ಶೀಟ್‌ನಲ್ಲಿ ಕಾಲಂ ಹೆಸರಿನ ಪಕ್ಕ ಬರೆಯಿರಿ. ತಿಳಿಯದ್ದನ್ನೂ ಬರೆಯಿರಿ. ಕಟ್ಟಿದವರನ್ನು ಒಂದೇ ಸಲ ಕೂರಿಸಿಕೊಂಡು ಕೇಳೋಣ.