ಹಿಡಿಬಟ್ಟೆಯ ಒಳಗೆ ಏನು ತುಂಬಿದ್ದೀರಿ?

ಸಂಪಾದಕರಿಗೆ ನಮಸ್ಕಾರ.

ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆಯನ್ನು ಮನೆಯಲ್ಲೇ ಹೊಲಿಯುವುದು ಹೇಗೆ ಅಂತ ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಅಳತೆ, ಅಂಚುಪಟ್ಟಿ, ಮೊಳೆಗೆ ತೂಗುಹಾಕುವ ಕುಣಿಕೆ, ಎಲ್ಲ ಚೆನ್ನಾಗಿ ವಿವರಿಸಿದ್ದಾರೆ. ಒಳಗೆ ಏನು ತುಂಬಬೇಕು ಅನ್ನುವ ಕಡೆ ಮಾತ್ರ ‘ಮನೆಯಲ್ಲಿರುವ ಯಾವುದಾದರೂ ಹಳೇ ಬಟ್ಟೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಸಾಲಿಗಾಗಿಯೇ ಈ ಪತ್ರ.

ಎರಡು ವರ್ಷದ ಹಿಂದೆ ನನ್ನ ನಾದಿನಿ ಒಂದು ಮೇಳದಿಂದ ಜೋಡಿ ಹಿಡಿಬಟ್ಟೆ ತಂದಿದ್ದಳು. ಮೇಲೆ ಹೂವಿನ ಕಾಟನ್ ಬಟ್ಟೆ, ಮುಟ್ಟಿದರೆ ಮೆತ್ತಗೆ, ದಪ್ಪಗೆ. ಕುಕ್ಕರ್ ಇಳಿಸಲು ತಿಂಗಳುಗಟ್ಟಲೆ ಬಳಸಿದಳು, ಏನೂ ಆಗಲಿಲ್ಲ. ಒಂದು ದಿನ ಜೋಳದ ರೊಟ್ಟಿ ಮುಗಿಸಿ, ಕಾದ ಕಬ್ಬಿಣದ ಹಂಚನ್ನು ಅದೇ ಬಟ್ಟೆಯಲ್ಲಿ ಹಿಡಿದು ಎತ್ತಿದಾಗ ಮೇಲಿನ ಬಟ್ಟೆ ಕಂದಿ, ಒಳಗಿದ್ದ ಬಿಳಿ ಪಾಲಿಯೆಸ್ಟರ್ ಫೈಬರ್ ಕರಗಿ ಹಂಚಿನ ಅಂಚಿಗೂ ಅವಳ ಹೆಬ್ಬೆರಳಿಗೂ ಅಂಟಿಕೊಂಡಿತು. ಕರಗಿದ ಪ್ಲಾಸ್ಟಿಕ್ ಕೈ ಕೊಡವಿದರೆ ಬಿಡುವುದಿಲ್ಲ. ಬೊಬ್ಬೆ ಒಣಗಲು ಮೂರು ವಾರ ಹಿಡಿಯಿತು.

ಕುಕ್ಕರ್‌ಗೆ ತಡೆದದ್ದು ಹಂಚಿಗೆ ಯಾಕೆ ತಡೆಯಲಿಲ್ಲ ಅಂದರೆ, ಕುಕ್ಕರ್ ಒಳಗಿನ ಬಿಸಿ ಸುಮಾರು 120 ಡಿಗ್ರಿ ಅಷ್ಟೇ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ, ಮೆತ್ತಗಾಗುವುದು ಅದಕ್ಕಿಂತ ಮೊದಲೇ. ಜೋರು ಉರಿಯ ಮೇಲಿರುವ ಖಾಲಿ ಹಂಚು ಅಷ್ಟು ಕಾಯುತ್ತದೆ. ಹತ್ತಿ ಹಾಗಲ್ಲ. ಅದು ಕಂದುತ್ತದೆ, ಕರಕಾಗುತ್ತದೆ, ಬೆಂಕಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ ಕೂಡ, ಆದರೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ.

ಇವತ್ತು ಮನೆಯಲ್ಲಿರುವ ಹಳೇ ಬಟ್ಟೆಯಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್ ಇರುತ್ತದೆ, ಅಲ್ವಾ? ನಾನು ಹೊಲಿಗೆ ಮಾಡುವವಳು. ನನ್ನ ಚೀಲದಲ್ಲಿ ಉಳಿಯುವ ಚೂರುಗಳಲ್ಲಿ ಲೈನಿಂಗ್, ಕ್ರೇಪ್, ಜಾರ್ಜೆಟ್ಟೇ ಜಾಸ್ತಿ. ಕಣ್ಣಿಗೆ ಕಾಟನ್‌ನಂತೆ ಕಾಣುವುದೂ ಎಷ್ಟೋ ಸಲ ಮಿಶ್ರಣವಾಗಿರುತ್ತದೆ. ಹಾಗಾಗಿ ಒಂದೆರಡು ಎಳೆ ಎಳೆದು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಮುದುಡಿಕೊಂಡು ಗಟ್ಟಿ ಮಣಿಯಾಗಿ ನಿಂತರೆ ಅದು ಒಲೆಯ ಹತ್ತಿರ ಬರುವುದು ಬೇಡ. ದಿಂಬಿಗೆ ತುಂಬುವ ಫೈಬರ್, ಸ್ಪಂಜು, ಹೊಳೆಯುತ್ತದೆ ಅಂತ ಕೆಲವರು ಒಳಗಿಡುವ ಚಿಪ್ಸ್ ಪೊಟ್ಟಣ, ಇವಕ್ಕೆ ಪರೀಕ್ಷೆಯೂ ಬೇಕಿಲ್ಲ, ಸುಮ್ನೆ ಬಿಟ್ಟುಬಿಡಿ.

ಹಾಗಾದರೆ ಏನು ಹಾಕಬೇಕು? ನಾನು ಹಳೇ ಟರ್ಕಿ ಟವೆಲ್ ಎರಡು ಪದರ ಹಾಕಿ, ಹೊರಗೆ ಹಳೇ ಜೀನ್ಸ್ ಬಟ್ಟೆ ಕೊಡುತ್ತೇನೆ. ದಾರವೂ ಹತ್ತಿಯದೇ. ಅದಕ್ಕಿಂತ ಒಳ್ಳೆಯದು ಕುರಿ ಕಂಬಳಿ. ಚಿತ್ರದುರ್ಗ, ಬಳ್ಳಾರಿ ಕಡೆ ನೇಯುವ ಒರಟು ಕರಿ ಕಂಬಳಿ ಹರಿದು ಮೂಲೆಗೆ ಬಿದ್ದಿದ್ದರೆ ಎಸೆಯಬೇಡಿ. ಉಣ್ಣೆ ಕರಗುವುದಿಲ್ಲ, ಸುಲಭಕ್ಕೆ ಹೊತ್ತಿಕೊಳ್ಳುವುದೂ ಇಲ್ಲ. ಎರಡು ಟವೆಲ್ ಪದರದ ನಡುವೆ ಅದರ ಒಂದು ತುಂಡು ಇದ್ದರೆ ಹಂಚು, ಒಗ್ಗರಣೆ ಬಾಣಲೆ, ಓವನ್ ತಟ್ಟೆ ಯಾವುದಕ್ಕೂ ಧೈರ್ಯವಾಗಿ ಕೈಹಾಕಬಹುದು. ಆದರೆ ಉಣ್ಣೆ ಹೊದಿಕೆ ಅಂತ ಅಂಗಡಿಯಲ್ಲಿ ಸಿಗುವುದರಲ್ಲಿ ಎಷ್ಟೋ ಸಲ ಅಕ್ರಿಲಿಕ್ ಅನ್ನುವ ಕೃತಕ ಎಳೆ ಇರುತ್ತದೆ, ಅದಕ್ಕೂ ಎಳೆ ಸುಡುವ ಪರೀಕ್ಷೆ ಮಾಡಿಯೇ ತೀರಬೇಕು. ಹೊಲಿಯುವ ಮೊದಲು ಎಲ್ಲವನ್ನೂ ಒಮ್ಮೆ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಒಂದೊಂದು ಪದರ ಒಂದೊಂದು ರೀತಿ ಕುಗ್ಗುತ್ತದೆ.

ಆನ್‌ಲೈನ್‌ನಲ್ಲಿ ಬೆಳ್ಳಿ ಬಣ್ಣದ ಹಾಳೆಯಿರುವ ಬ್ಯಾಟಿಂಗ್, ಅಂದರೆ ಬಟ್ಟೆಯ ಒಳಗೆ ಹಾಸಿ ಹೊಲಿಯುವ ಮೆತ್ತನೆ ಪದರ, ಕೂಡ ಸಿಗುತ್ತದೆ. ಅದು ಸುಳ್ಳಲ್ಲ, ದೂರದಿಂದ ಬರುವ ಝಳವನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ನಾವು ಪಾತ್ರೆಯನ್ನು ಹಿಡಿದೇ ಎತ್ತುವವರು, ಮುಟ್ಟಿ ದಾಟುವ ಬಿಸಿಗೆ ಅದೊಂದೇ ಸಾಲದು. ಎರಡೂ ಕಡೆ ಹತ್ತಿ ಪದರ ಇರಲೇಬೇಕು. ಅದನ್ನು ಹಾಕಿದ ಹಿಡಿಬಟ್ಟೆ ಮೈಕ್ರೋವೇವ್ ಒಳಗೆ ಹೋಗಬಾರದು.

ಬಿಸಿ ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ಟವೆಲ್ಲಿನ ಗುಂಗುರು ಎಳೆ ಒಳ್ಳೆಯದು, ಅದಕ್ಕೇ ಹೊಲಿಗೆ ತೀರಾ ಒತ್ತಾಗಿ ಹಾಕಬಾರದು. ನಮ್ಮ ಅಜ್ಜಿ ಕೌದಿಗೆ ಬೆರಳಗಲಕ್ಕೊಂದು ಸಾಲು ಹಾಕುತ್ತಿದ್ದರು. ಹಾಸಿಗೆಗೆ ಅದೇ ಸರಿ, ಬಾಳಿಕೆ ಬರುತ್ತದೆ. ಹಿಡಿಬಟ್ಟೆಗೆ ಸಾಲಿನಿಂದ ಸಾಲಿಗೆ ಎರಡು ಇಂಚು ಬಿಟ್ಟರೆ ಒಳಗೆ ಗಾಳಿ ಉಳಿಯುತ್ತದೆ. ಹಾಗಂತ ದಿಂಬಿನಷ್ಟು ದಪ್ಪ ಮಾಡಿದರೆ ಬೆರಳು ಮಡಚುವುದಿಲ್ಲ, ಪಾತ್ರೆ ಜಾರುತ್ತದೆ. ಹೊಲಿದ ಮೇಲೆ ಮರದ ಮಣೆ ಮೇಲೆ ಹಾಸಿ, ಕಾದ ಪಾತ್ರೆಯನ್ನು ಒಂದು ನಿಮಿಷ ಅದರ ಮೇಲಿಟ್ಟು ತೆಗೆದು, ಅಡಿಯ ಮಣೆ ಮುಟ್ಟಿ. ಮಣೆ ಸುಡುತ್ತಿದ್ದರೆ ಇನ್ನೊಂದು ಪದರ ಬೇಕು ಅಂತ ಅರ್ಥ.

ಇಷ್ಟೆಲ್ಲ ಮಾಡಿ ಆಮೇಲೆ ಅದೇ ಬಟ್ಟೆಯಲ್ಲಿ ಕಟ್ಟೆ ಒರೆಸಿದರೆ ಎಲ್ಲ ವ್ಯರ್ಥ. ನಮ್ಮ ಅಡುಗೆಮನೆಗಳಲ್ಲಿ ಒಂದೇ ಮಸಿಬಟ್ಟೆ ಒರೆಸಲಿಕ್ಕೂ ಹೌದು, ಪಾತ್ರೆ ಹಿಡಿಯಲಿಕ್ಕೂ ಹೌದು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಬಿಸಿ ದಾಟಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಹಂಚು ಹಿಡಿದರೆ ಒಳಗಿನ ನೀರು ಆವಿಯಾಗಿ ನೇರ ಅಂಗೈಗೇ ಬಡಿಯುತ್ತದೆ. ದಯವಿಟ್ಟು ಎರಡನ್ನೂ ಬೇರೆ ಬೇರೆ ಇಡಿ, ಹಿಡಿಬಟ್ಟೆ ಸದಾ ಒಣಗಿರಲಿ.

ಸಂಪಾದಕರೇ, ಒಳಗೆ ಹತ್ತಿ ಅಥವಾ ಉಣ್ಣೆ ಮಾತ್ರ ಹಾಕಿ, ಮೊದಲು ಎಳೆ ಸುಟ್ಟು ನೋಡಿ ಅನ್ನುವ ಎರಡು ಮಾತನ್ನು ಅದೇ ಪುಟದಲ್ಲಿ ಹಾಕಿಸಿ. ಮುಂದಿನ ವಾರವೇ ಹಾಕಿಸಿದರೆ ಒಳ್ಳೆಯದು. ಅಳತೆಯ ಚಿತ್ರ ಕತ್ತರಿಸಿಟ್ಟುಕೊಂಡವರು ಈಗಾಗಲೇ ಮಿಷನ್ ಮುಂದೆ ಕೂತಿರುತ್ತಾರೆ.

ನಿಮ್ಮ ಓದುಗರಲ್ಲಿ ಒಬ್ಬಳು,
ಧಾರವಾಡ