ಡಗ್ಗಾ ಮತ್ತ ನಿನ್ನ ಕುರ್ಚಿ

ಕಲಬುರಗಿ

ಅವ್ವಾ,

ರಾತ್ರಿ ನೀ ಫೋನ್ ಇಟ್ಟ ಮ್ಯಾಲ ನೀ ಮನಿ ರೂಮಿನಾಗ ಹಾಡಿ ರೆಕಾರ್ಡ್ ಮಾಡಿದ ಮೂರೂ ಪದ ಮತ್ತ ಕೇಳಿದೆ. "ಮಿಕ್ಸಿಂಗ್, ಅಂದ್ರ ಎಲ್ಲಾ ದನಿ ಕೂಡಿಸಿ ಹದ ಮಾಡೋದು, ಬ್ಯಾರೆಯವರಿಗಿ ಕೊಡು" ಅಂತ ನಾ ಅಂದದ್ದು "ನಿನ್ನ ಕೈಲೆ ಆಗಲ್ಲ" ಅಂದಂಗ ಕೇಳಿಸ್ತು ನಿನಗ. ನನ್ನ ಮಾತು ಬಿರುಸಾತು, ತಪ್ಪು ನಂದೇ.

ಎರಡನೇ ಪದದ ಡಗ್ಗಾ (ತಬಲಾದ ಎಡಗೈದು, ದಪ್ಪ ದನಿದು) ಒಂದೇ ನನಗ ಕಾಡ್ಲಾಕತ್ತದ. ಮೊಬೈಲ್‌ನಾಗ ಗೊತ್ತೇ ಆಗಲ್ಲ. ಕಾರಿನಾಗ ಹಾಕಿದ್ರ ಬಾಗಿಲು ನಡುಗ್ತದ, ನಿನ್ನ ದನಿ ಅದರ ಕೆಳಗ ಮುಚ್ಚಿ ಹೋಗ್ತದ. ಇದು ನಿನ್ನ ಕಿವಿ ತಪ್ಪಲ್ಲ, ರೂಮಿನ ತಪ್ಪು. ಹತ್ತಡಿ ರೂಮಿನಾಗ ಎದುರುಬದುರು ಗೋಡಿ ನಡುವ ಸುಮಾರು 56 ಹರ್ಟ್ಸ್ ದನಿ ನಿಂತುಬಿಡ್ತದ. ಗೋಡಿ ಬಲ್ಲಿ ಜೋರು, ನಟ್ಟನಡುವ ಬಹಳ ಕಮ್ಮಿ. ವಿಡಿಯೊ ಕಾಲ್‌ನಾಗ ನೋಡಿದೆ, ನಿನ್ನ ಕುರ್ಚಿ ನಟ್ಟನಡುವೇ ಅದ. ಡಗ್ಗಾ ಕೇಳಲಿಲ್ಲ ಅಂತ ಏರಿಸಿದಿ, ಏರಿಸಿದ್ದು ಕಾರಿನಾಗ ಹೊರಬಿತ್ತು. ಕುರ್ಚಿ ಮುಂದಿನ ಗೋಡಿಯಿಂದ ನಾಲ್ಕಡಿಗಿ ಎಳಕೋ. ಮೂಲ್ಯಾಗ ಅರಳಿ ಗಾದಿ ನಿಲ್ಲಿಸಿದ್ರ ಜರಾ ತಗ್ತದ, ಪೂರಾ ಹೋಗಲ್ಲ. ಮೊಟ್ಟಿ ಟ್ರೇ ಅಂಟಿಸಿದ್ರ ಡಗ್ಗಾಕ್ಕ ಏನೂ ಆಗಲ್ಲ, ಆ ರೊಕ್ಕ ಉಳಿಸು.

ಅದಕ್ಕೇ ಬ್ಯಾರೆ ರೂಮು, ಬ್ಯಾರೆ ಕಿವಿ ಬೇಕು ಅಂದದ್ದು. ಹಂಗಂತ ಎಲ್ಲಾ ಮಿಕ್ಸಿಂಗ್ ಮಾಡೋರ ಕೈಗಿ ಬಿಡಬ್ಯಾಡ. ಏಕತಾರಿ ಎಷ್ಟು ಕೇಳಬೇಕು, ದಮ್ಮಡಿ ಎಷ್ಟು ಹಿಂದಿರಬೇಕು, ಭಜನಿ ಕೇಳಿ ಬೆಳೆದ ನಿನಗ ಗೊತ್ತಿದ್ದಷ್ಟು ಅವರಿಗಿ ಗೊತ್ತಿರಲ್ಲ. ಮೊದಲ ತೂಕ ನೀನೇ ಹಾಕು: ದಪ್ಪ-ತೆಳು ದನಿ ತಿದ್ದೋ ಇಕ್ಯೂ, ಗುಂಗು ಕೊಡೋ ರಿವರ್ಬ್ ಮುಟ್ಟದೆ, ಬರೇ ದನಿ ಏರಿಸಿ ಇಳಿಸೋ ಫೇಡರ್‌ಲೆ, ಎಡ-ಬಲ ಎರಡೂ ಒಂದೇ ಮಾಡೋ ಮೋನೋದಾಗ, ಮಾತಾಡೋ ದನಿಗಿಂತ ಸಣ್ಣ ದನಿಯಾಗ. ಆ ಮಿಕ್ಸ್ ನಮೂನಿಗಂತ ಟ್ರ್ಯಾಕ್ ಸಂಗಟ ಕಳಿಸು. ಒಂದೊಂದು ವಾದ್ಯದ ಟ್ರ್ಯಾಕ್ ಎಲ್ಲಾ ಒಂದೇ ಸೊನ್ನಿ ಸೆಕೆಂಡಿನಿಂದ ಸುರುವಾಗಲಿ, ಇಲ್ಲಂದ್ರ ದಮ್ಮಡಿ ಒಂದು ಕಡಿ, ತಾಳ ಒಂದು ಕಡಿ ಬೀಳ್ತಾವ. ಫೈಲ್ ಕುಗ್ಗಿಸದ 24 ಬಿಟ್ ವೇವ್ ಇರಲಿ, ಪೀಕ್ (ಅತಿ ಜೋರಿನ ಜಾಗ) -6 ಡಿಬಿ ಸುತ್ತ, ಮಾಸ್ಟರ್ ಮ್ಯಾಲ ಜೋರು ದನಿ ತಡೆಯೋ ಲಿಮಿಟರ್ ಬಂದ್.

ಮೂರೂ ಪದ ಒಮ್ಮಿಗೇ ಕೊಡಬ್ಯಾಡ, ಎರಡನೇದು ಒಂದೇ ಕೊಟ್ಟು ನೋಡು. ಎಷ್ಟು ಸಲ ತಿದ್ದಿ ಕೊಡ್ತಾರ ಅಂತ ರೊಕ್ಕ ಕೊಡೋಕಿಂತ ಮೊದಲು ಬರಿಸ್ಕೋ. ಮತ್ತ ಪಾಠ ಹೇಳ್ಲಾಕ ಕುಂತೆ ಅಂತೀಯೇನೋ, ಅನ್ನು.

ಮೇ ತಿಂಗಳ ಧಗಿಯಾಗ ಫ್ಯಾನ್ ಬಂದ್ ಮಾಡಿ, ಬೆವರು ಒರಸ್ಕೋತ ಹಾಡಿದಿ. ಸಣ್ಣ-ದೊಡ್ಡ ದನಿ ಸಮ ಮಾಡೋ ಕಂಪ್ರೆಸರ್ ಹಾಕಿದ್ರ ಸಣ್ಣ ಗುಂಯ್ ಸುದ್ದಾ ಮ್ಯಾಲ ಬರ್ತದ. ಆದ್ರ ನಿನ್ನ ಉಸಿರಿನ ಹಿಂದ ಏನೂ ಇಲ್ಲ. ಅಂಥಾ ರೆಕಾರ್ಡಿಂಗ್ ಅದು.

ಶುಕ್ರವಾರ ಪದ ಎಲ್ಲರಿಗಿ ಕೇಳ್ಲಾಕ ಹಾಕ್ತೀನಿ ಅಂದಿ. ಒಂದು ವಾರ ತಡಿ. ಕುರ್ಚಿ ಸರಿಸಿ ಎರಡನೇ ಪದ ಕಳಿಸು, ಕಾರಿನಾಗ ಹಾಕಿ ಕೇಳ್ತೀನಿ.

ನಿನ್ನ ಅಪ್ಪ