ಇಳಕಲ್ ಸೀರಿ ಅಂಗಡಿಯವರಿಗೆ: ವಾಟ್ಸಾಪ್ ಗಿರಾಕಿಗಳ ಸಲುವಾಗಿ

ಎಲ್ಲಾರಿಗೂ ಶರಣ್ರೀ. ಭಾನುವಾರ ಮುಂಜಾನೆ 11ಕ್ಕ ನಮ್ಮ ಅಂಗಡಿ ಮ್ಯಾಲಿನ ಖೋಲ್ಯಾಗ ಕೂಡೋಣು. ವಾಟ್ಸಾಪ್ ಬಿಸಿನೆಸ್ ಇನ್ನೂ ಹಾಕ್ಕೊಳ್ಳದವರು ತಪ್ಪದ ಬರ್ರಿ, ಕ್ಯಾಟಲಾಗ್ (ಗಿರಾಕಿಗೆ ಸೀರಿ ಫೋಟೊ ತೋರಿಸೋ ಪಟ್ಟಿ) ಮಾಡೋದು ಅಲ್ಲೇ ತೋರಸ್ತೀನಿ.

ಬರೂಮುಂದ ಐದು ಸೀರಿ ಫೋಟೊ ತರ್ರಿ. ಬಾಗಲ ಬೆಳಕಿನ್ಯಾಗ ತಗೀರಿ, ಟ್ಯೂಬ್‌ಲೈಟಿಗೆ ಬಣ್ಣ ಬ್ಯಾರೆನ ಕಾಣತೈತಿ. ತೋಪು ತೆನಿ ಸೆರಗು (ಕೆಂಪು-ಬಿಳಿ ನಮೂನಿದು), ಒಡಲಿಗೆ ಸೆರಗು ಕೂಡಿಸೋ ಕೊಂಡಿ ಹಾಕಿದ ಜಾಗ ಹತ್ತರದಿಂದ ಬರಲಿ. ಹೋದ ತಿಂಗಳ ಒಬ್ಬ ಅಕ್ಕಾರು ‘ಒಡಲು ಹತ್ತಿನೋ ರೇಷ್ಮಿನೋ’ ಅಂತ ಕೇಳಿದ್ರು. ನಾ ಎರಡ ದಿನ ಬಿಟ್ಟು ಉತ್ತರಾ ಕೊಟ್ಟೆ, ಅಷ್ಟರಾಗ ಬ್ಯಾರೆ ಕಡೆ ತಗೊಂಡಿದ್ರು. ತಪ್ಪು ನಂದ.

ಬ್ರಾಡ್‌ಕಾಸ್ಟ್ ಮೆಸೇಜ್ (ಒಮ್ಮೆಲೆ ಭಾಳ ಮಂದಿಗೆ ಕಳಸೋದು) ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗಷ್ಟ ಮುಟ್ಟತೈತಿ, ಬಿಲ್ ಕೊಡೂಮುಂದನ ನಂಬರ್ ಸೇವ್ ಮಾಡ್ಕೋರಿ ಅಂತ ಗಿರಾಕಿಗೆ ಕೇಳ್ಕೋರಿ. ‘ಗುಡ್ ಮಾರ್ನಿಂಗ್’ ಚಿತ್ರ ಮಾತ್ರ ಕಳಸಬ್ಯಾಡ್ರಿ!

ಬರೋರು ಶನಿವಾರ ಸಂಜಿ ಒಳಗ ಇಲ್ಲೇ ಹೆಸರು ಹಾಕ್ರಿ.